ಜೂನ್ 1ರಂದು ಹುಟ್ಟಿದ ಮಕ್ಕಳು

(ಬೆಳಗಾವಿಯಲ್ಲಿ ದೈಹಿಕ ಶಿಕ್ಷಕರು ಮತ್ತು ಪಾಲಕರು ಸೇರಿದ್ದ ಒಂದು ಸಭೆಯಲ್ಲಿ ಯೂತ್ ಒಲಿಂಪಿಕ್ಸ್ ಬಗ್ಗೆ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಒಂದು ಕೆಲಸ ಮಾಡೋಣ. ಶಾಲೆಯ ದಾಖಲೆಯಲ್ಲಿ ಯಾರ ಹುಟ್ಟಿದ ದಿನ ಜೂನ್ 1 ಅಂತ ಇದೆಯೋ ಅವರೆಲ್ಲ ಕೈ ಎತ್ತಿ.

ನೋಡಿ, ಮುಂದಿನ ಎರಡು ಸಾಲಿನಲ್ಲೇ ಎಷ್ಟು ಕೈ! ಹಿಂದೆ ಕೂತ ಹಿರಿಯರಲ್ಲಿ ಇನ್ನೂ ಜಾಸ್ತಿ. ನನ್ನದೂ ಅದೇ ದಿನ. ನಾವೆಲ್ಲ ಒಂದೇ ದಿನ ಹುಟ್ಟಿದವರಲ್ಲ, ಅದು ಎಲ್ಲರಿಗೂ ಗೊತ್ತು. ಜೂನ್ 1ಕ್ಕೆ ಶಾಲೆ ಶುರು ಆಗುತ್ತಿತ್ತು. ಅಪ್ಪ ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದ. ಮಾಸ್ತರು ತಲೆಯ ಮೇಲಿಂದ ಕೈ ತಂದು ಆಚೆ ಕಿವಿ ಮುಟ್ಟು ಅನ್ನುತ್ತಿದ್ದರು. ಮುಟ್ಟಿದರೆ ವಯಸ್ಸಾಯಿತು ಅಂತ ಲೆಕ್ಕ. ಜೂನ್ 1 ಅಂತ ಬರೆದು ಸೇರಿಸಿಕೊಳ್ಳುತ್ತಿದ್ದರು. ನಮ್ಮವ್ವ ಹೇಳುತ್ತಿದ್ದಳು, "ನೀ ಸೀತನಿ ತಿನ್ನೂ ದಿನದಾಗ ಹುಟ್ಟಿದಿಯೋ ತಮ್ಮಾ" ಅಂತ. ಸೀತನಿ ಅಂದರೆ ಸುಟ್ಟು ತಿನ್ನುವ ಎಳೆ ಜೋಳದ ತೆನೆ, ಅದು ಬರುವುದು ಚಳಿಗಾಲದಲ್ಲಿ. ನನ್ನ ದಾಖಲೆಗೂ ನನಗೂ ಅರ್ಧ ವರ್ಷದ ಅಂತರ ಇದೆ. ಯಾವ ಕಡೆಗೆ ಅರ್ಧ ವರ್ಷ ಅನ್ನುವುದು ಅವ್ವನಿಗೂ ಸರಿಯಾಗಿ ನೆನಪಿರಲಿಲ್ಲ.

ಆ ಮಾಸ್ತರು ಮೋಸ ಮಾಡಲಿಲ್ಲ. ಮಗುವನ್ನು ಹೇಗಾದರೂ ಶಾಲೆಯೊಳಗೆ ಕರೆದುಕೊಳ್ಳಬೇಕು ಅನ್ನುವುದು ಅವರ ಆಸೆ. ಆದರೆ ಅದೇ ಅಂಕಿಯನ್ನು ನಾವು ಆಟದ ಮೈದಾನಕ್ಕೆ ತಂದಾಗ ಏನಾಗುತ್ತದೆ? ಇವತ್ತು ಯೂತ್ ಒಲಿಂಪಿಕ್ಸ್ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ನಾನು ವಯಸ್ಸಿನ ಬಗ್ಗೆಯೇ ಜಾಸ್ತಿ ಮಾತಾಡುತ್ತೇನೆ. ಯಾಕೆಂದರೆ ಆ ಕೂಟ ನಿಂತಿರುವುದೇ ವಯಸ್ಸಿನ ಮೇಲೆ.

ಒಲಿಂಪಿಕ್ಸ್ ಅಂದರೆ ದೂರದ ಮಾತು ಅಂತ ಯಾರೂ ಅಂದುಕೊಳ್ಳಬೇಡಿ. 1920ರಲ್ಲಿ ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಒಲಿಂಪಿಕ್ಸ್ ನಡೆಯಿತು. ಅಲ್ಲಿ ಮ್ಯಾರಥಾನ್ ಓಡಿದವರು ಇದೇ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ. ಆ ಸಲದ ಮ್ಯಾರಥಾನ್ 42.75 ಕಿಲೋಮೀಟರ್. ಒಲಿಂಪಿಕ್ಸ್‌ನಲ್ಲಿ ಅಷ್ಟು ಉದ್ದದ ಮ್ಯಾರಥಾನ್ ಹಿಂದೆಯೂ ಇರಲಿಲ್ಲ, ಆಮೇಲೂ ಬರಲಿಲ್ಲ. ಚೌಗುಲೆ 2 ತಾಸು 50 ನಿಮಿಷದಲ್ಲಿ ಮುಗಿಸಿ 19ನೇ ಸ್ಥಾನಕ್ಕೆ ಬಂದರು. ಪುಣೆಯ ಒಂದು ಕ್ರೀಡಾಕೂಟದಲ್ಲಿ ಬರಿಗಾಲಲ್ಲಿ ಓಡುವ ರೈತರ ಮಕ್ಕಳನ್ನು ದೊರಾಬ್ಜಿ ಟಾಟಾ ನೋಡಿದ್ದರು. ಇಂಥವರನ್ನು ಒಲಿಂಪಿಕ್ಸ್‌ಗೆ ಕಳಿಸಬೇಕು ಅಂತ ಅವರಿಗೆ ಅನ್ನಿಸಿತು. ಭಾರತದಿಂದ ಹೊರಟ ಆ ಮೊದಲ ತಂಡ ಬಹಳ ಚಿಕ್ಕದು. ಅದರಲ್ಲಿ ನಮ್ಮ ಊರಿನವರೊಬ್ಬರು ಇದ್ದರು. ಇಲ್ಲಿ ಕೂತ ಮಕ್ಕಳಲ್ಲಿ ಎಷ್ಟು ಜನರಿಗೆ ಆ ಹೆಸರು ಗೊತ್ತಿತ್ತು? ಇವತ್ತು ಮನೆಗೆ ಹೋಗಿ ನಿಮ್ಮ ಅಜ್ಜನಿಗೂ ಹೇಳಿ.

ಈಗ ಯೂತ್ ಒಲಿಂಪಿಕ್ಸ್‌ಗೆ ಬರೋಣ. ಈ ಕೂಟಕ್ಕಾಗಿ ಪಟ್ಟು ಹಿಡಿದವರು ಜಾಕ್ ರೋಗ್. 2001ರಿಂದ 2013ರವರೆಗೆ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷರಾಗಿದ್ದವರು. ಅವರು ಹಾಯಿದೋಣಿಯ ಆಟಗಾರರಾಗಿ ಮೂರು ಒಲಿಂಪಿಕ್ಸ್ ಆಡಿದ್ದರು, 1968, 1972 ಮತ್ತು 1976. ವೃತ್ತಿಯಲ್ಲಿ ಡಾಕ್ಟರ್. ಅದರಲ್ಲೂ ಎಲುಬಿನ ಡಾಕ್ಟರ್. ಈ ಮಾತನ್ನು ನೆನಪಿಟ್ಟುಕೊಳ್ಳಿ. 2007ರ ಜುಲೈನಲ್ಲಿ ಗ್ವಾಟೆಮಾಲಾ ಸಿಟಿಯಲ್ಲಿ ಸಮಿತಿ ಈ ಕೂಟಕ್ಕೆ ಒಪ್ಪಿಗೆ ಕೊಟ್ಟಿತು. 2010ರ ಆಗಸ್ಟ್ 14ರಿಂದ 26ರವರೆಗೆ ಸಿಂಗಪುರದಲ್ಲಿ ಮೊದಲ ಕೂಟ ನಡೆಯಿತು. ಸುಮಾರು 3,600 ಮಕ್ಕಳು ಬಂದಿದ್ದರು. 26 ಆಟಗಳು. 14ರಿಂದ 18 ವರ್ಷದವರಿಗೆ ಮಾತ್ರ, ಒಂದೊಂದು ಆಟಕ್ಕೆ ಒಂದೊಂದು ವಯಸ್ಸಿನ ಮಿತಿ.

ನನಗೆ ತುಂಬ ಹಿಡಿಸಿದ್ದು ಪದಕದ ಲೆಕ್ಕ ಅಲ್ಲ. ದೊಡ್ಡವರ ಒಲಿಂಪಿಕ್ಸ್‌ನಲ್ಲಿ ಸೋತವರು ಮರುದಿನವೇ ಚೀಲ ಕಟ್ಟಬಹುದು. ಸಿಂಗಪುರದಲ್ಲಿ ಹಾಗೆ ಮಾಡಲಿಲ್ಲ. ಮೊದಲ ದಿನ ಸೋತ ಹುಡುಗನೂ ಕೊನೆಯ ದಿನದವರೆಗೆ ಅಲ್ಲೇ ಇರಬೇಕು ಅಂದರು. ಬೇರೆಯವರ ಆಟ ನೋಡು, ಊಟ ಮಾಡು, ಹೊಸಬರ ಜೊತೆ ಮಾತಾಡು, ಔಷಧಿ ಸೇವಿಸಿ ಗೆಲ್ಲುವುದು ಯಾಕೆ ತಪ್ಪು ಅಂತ ಕಲಿ. ಯೋಚನೆ ಮಾಡಿ. ನಮ್ಮ ತಾಲೂಕು ಮಟ್ಟದ ಕೂಟದಲ್ಲಿ ಸೋತ ಹುಡುಗನಿಗೆ ನಾವು ಏನು ಹೇಳುತ್ತೇವೆ? "ನಿಂದ ಮುಗೀತಲ್ಲ, ಟೆಂಪೋ ಹತ್ತು" ಅನ್ನುತ್ತೇವೆ. ಗೆದ್ದವನ ಕೈಯಲ್ಲಿ ಕಪ್ಪು, ಸೋತವನ ಕೈಯಲ್ಲಿ ಎಲ್ಲರ ಚಪ್ಪಲಿ ತುಂಬಿದ ಚೀಲ. ನಾನೂ ಇದನ್ನು ಮಾಡಿದ್ದೇನೆ.

ಇನ್ನೊಂದು ಸಂಗತಿ. ಬೇರೆ ಬೇರೆ ದೇಶದ ಮಕ್ಕಳನ್ನು ಕೂಡಿಸಿ ಒಂದೇ ತಂಡ ಮಾಡುತ್ತಾರೆ. 2018ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ನಮ್ಮ ಮನು ಭಾಕರ್ ತಜಿಕಿಸ್ತಾನದ ಒಬ್ಬ ಹುಡುಗನ ಜೊತೆ ಪಿಸ್ತೂಲಿನ ಮಿಶ್ರ ತಂಡದಲ್ಲಿ ಆಡಿ ಬೆಳ್ಳಿ ಗೆದ್ದರು. ಆ ಪದಕ ಭಾರತದ ಲೆಕ್ಕಕ್ಕೂ ಸೇರಲಿಲ್ಲ, ತಜಿಕಿಸ್ತಾನದ ಲೆಕ್ಕಕ್ಕೂ ಸೇರಲಿಲ್ಲ. ಅಂಥ ಪದಕ ಕೊಡುವಾಗ ಏರಿಸುವುದು ಒಲಿಂಪಿಕ್ ಬಾವುಟ. ಗಡಿಯಲ್ಲಿ ಬದುಕುವ ನಾವು, ಮನೆಯಲ್ಲಿ ಒಂದು ಭಾಷೆ ಅಂಗಡಿಯಲ್ಲಿ ಇನ್ನೊಂದು ಭಾಷೆ ಆಡುವ ನಾವು, ಇದನ್ನು ಬೇರೆಯವರಿಗಿಂತ ಬೇಗ ಅರ್ಥ ಮಾಡಿಕೊಳ್ಳುತ್ತೇವೆ ಅಂತ ನನಗನ್ನಿಸುತ್ತದೆ.

ಭಾರತದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಸಿಂಗಪುರದಲ್ಲಿ 8 ಪದಕ, ಚಿನ್ನ ಇಲ್ಲ. 2014ರ ನಾನ್‌ಜಿಂಗ್‌ನಲ್ಲಿ ಬರೀ 2. ಬ್ಯೂನಸ್ ಐರಿಸ್‌ನಲ್ಲಿ 13, ಅದರಲ್ಲಿ 3 ಚಿನ್ನ. ವೇಟ್‌ಲಿಫ್ಟಿಂಗ್‌ನಲ್ಲಿ ಮಿಜೋರಾಂನ ಜೆರೆಮಿ ಲಾಲ್‌ರಿನ್‌ನುಂಗಾ, ಪಿಸ್ತೂಲಿನಲ್ಲಿ ಮನು ಭಾಕರ್ ಮತ್ತು ಸೌರಭ್ ಚೌಧರಿ. ಅದೇ ಕೂಟದಲ್ಲಿ ಮಣಿಪುರದ ತಬಾಬಿ ದೇವಿ ಜೂಡೋದಲ್ಲಿ ಬೆಳ್ಳಿ ಗೆದ್ದಳು. ಇಲ್ಲಿ ಜೂಡೋ ಕಲಿಯುವ ಹುಡುಗಿಯರು ಕೂತಿದ್ದೀರಿ, ಅದಕ್ಕೆ ಹೇಳಿದೆ. ನಿಮ್ಮ ಪಕ್ಕದ ತುರಮುರಿಯ ಮಲಪ್ರಭಾ ಜಾಧವ್ ಕೂಡ ಜೂಡೋದಿಂದಲೇ ಬಂದವಳು. 2018ರ ಏಷ್ಯನ್ ಗೇಮ್ಸ್‌ನಲ್ಲಿ ಕುರಾಶ್ ಅನ್ನುವ ಮಧ್ಯ ಏಷ್ಯಾದ ಕುಸ್ತಿ ಆಡಿ ಕಂಚು ತಂದಳು.

ಈಗ ಎಲುಬಿನ ವಿಷಯ. ಹದಿನೈದು ವರ್ಷದ ಇಬ್ಬರು ಹುಡುಗರನ್ನು ಪಕ್ಕಪಕ್ಕ ನಿಲ್ಲಿಸಿ. ಒಬ್ಬನಿಗೆ ಮೀಸೆ ಚಿಗುರಿರುತ್ತದೆ, ಇನ್ನೊಬ್ಬನ ದನಿಯೂ ಒಡೆದಿರುವುದಿಲ್ಲ. ಇಬ್ಬರದೂ ವಯಸ್ಸು ಒಂದೇ. ದೇವರು ಕೊಟ್ಟ ಅಂತರವೇ ಇಷ್ಟಿದೆ. ಅದರ ಮೇಲೆ ನಾವು ಕಾಗದದಲ್ಲಿ ಒಂದು ವರ್ಷ, ಎರಡು ವರ್ಷ ಕಡಿಮೆ ಮಾಡಿದರೆ ಆ ಚಿಕ್ಕ ಹುಡುಗ ಏನು ಮಾಡಬೇಕು? ಮಕ್ಕಳ ಎಲುಬಿನ ತುದಿಯಲ್ಲಿ ಬೆಳೆಯುವ ಭಾಗ ಇರುತ್ತದೆ. ಅಲ್ಲಿ ಮೆತ್ತನೆ ಮೃದ್ವಸ್ಥಿ ಇರುತ್ತದೆ. ಬೆಳವಣಿಗೆ ಮುಗಿದ ಮೇಲೆ ಅದು ಗಟ್ಟಿಯಾಗಿ ಕೂಡಿಕೊಳ್ಳುತ್ತದೆ. ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆದು ವಯಸ್ಸು ಅಂದಾಜು ಮಾಡುವುದು ಇದರ ಮೇಲೆಯೇ. ಫುಟ್‌ಬಾಲ್‌ನ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಮಣಿಕಟ್ಟಿನ ಎಂಆರ್‌ಐ ಮಾಡುತ್ತಾರೆ. ಎಲುಬು ಹುಟ್ಟಿದ ತಾರೀಕು ಹೇಳುವುದಿಲ್ಲ, ಅಂದಾಜು ಹೇಳುತ್ತದೆ. ಹೆಚ್ಚುಕಡಿಮೆ ಆಗುತ್ತದೆ. ಆದರೆ ಜೂನ್ 1ಕ್ಕಿಂತ ಅದನ್ನು ಜಾಸ್ತಿ ನಂಬಬಹುದು.

ಆ ಬೆಳೆಯುವ ಭಾಗ ಬಹಳ ನಾಜೂಕು. ದಿನಾ ಎರಡು ಹೊತ್ತು ಒಂದೇ ಆಟ, ಒಂದೇ ಹೊಡೆತ, ಒಂದೇ ಜಿಗಿತ ಮಾಡಿಸಿದರೆ ಅಲ್ಲೇ ಪೆಟ್ಟಾಗುತ್ತದೆ. ಮೊಣಕಾಲಿನ ಕೆಳಗೆ ಗಂಟು ಎದ್ದು ನೋವು ಅನ್ನುವ ಹುಡುಗರನ್ನು ಎಷ್ಟು ಜನ ನೋಡಿಲ್ಲ ನಾವು? "ಸೋಗ ಮಾಡಬ್ಯಾಡ, ಓಡು" ಅಂದಿದ್ದೇವೆ. ಅದು ಸೋಗಲ್ಲ. ಬೆಳೆಯುವ ಎಲುಬನ್ನು ಸ್ನಾಯು ಎಳೆಯುತ್ತಿರುತ್ತದೆ. ವಿಶ್ರಾಂತಿ ಕೊಟ್ಟರೆ ಸಾಮಾನ್ಯವಾಗಿ ವಾಸಿಯಾಗುತ್ತದೆ.

ಈಗ ನನ್ನ ತಪ್ಪಿನ ಮಾತು ಹೇಳುತ್ತೇನೆ. ಇದನ್ನು ಸಭೆಯಲ್ಲಿ ಹೇಳುವುದು ಇದೇ ಮೊದಲು.

ನಾನು ಪೀಟಿ ಮಾಸ್ತರನಾಗಿ ನೌಕರಿಗೆ ಸೇರಿದ ಹೊಸತು. ಜಮಖಂಡಿ ಕಡೆಯ ಒಂದು ಹಳ್ಳಿಯ ಶಾಲೆ. ಒಬ್ಬ ಹುಡುಗ ಎಂಟನೇ ಕ್ಲಾಸಿಗೆ ಬಂದ. ನಡುವೆ ಎರಡು ವರ್ಷ ಶಾಲೆ ಬಿಟ್ಟು ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಹೋಗಿದ್ದವನು. ತೋಳು ನೋಡಿದರೆ ಸಾಕು, ಹದಿನಾರರ ಮೇಲೆ ಅಂತ ಯಾರಾದರೂ ಹೇಳುತ್ತಿದ್ದರು. ಸೇರಿಸಿಕೊಳ್ಳುವಾಗ ಕ್ಲಾಸಿಗೆ ಹೊಂದುವ ಹಾಗೆ ವಯಸ್ಸು ಬರೆದರು. ಅದೇ ಜೂನ್ 1, ವರ್ಷ ಮಾತ್ರ ಬೇರೆ. ಅವನು ಓಡುವುದನ್ನು ನೋಡಿ ನನಗೆ ಹುಚ್ಚು ಹಿಡಿಯಿತು. 14 ವರ್ಷದೊಳಗಿನವರ 600 ಮೀಟರ್ ಓಟಕ್ಕೆ ಅವನ ಹೆಸರು ಬರೆದೆ. ಫಾರಂ ಮೇಲೆ ನಾನೇ ಸಹಿ ಹಾಕಿದೆ. ಯಾರೂ ನನಗೆ ಒತ್ತಾಯ ಮಾಡಿರಲಿಲ್ಲ.

ತಾಲೂಕಿನಲ್ಲಿ ಗೆದ್ದ. ಜಿಲ್ಲೆಯಲ್ಲೂ ಗೆದ್ದ. ಜಿಲ್ಲೆಯ ಓಟದಲ್ಲಿ ಎರಡನೆಯವನಾಗಿ ಬಂದವನು ಸಣಕಲ ಹುಡುಗ. ಬರಿಗಾಲು. ಗೆರೆ ದಾಟಿ ಅಲ್ಲೇ ಕೂತು ವಾಂತಿ ಮಾಡಿಕೊಂಡ. ಅಷ್ಟು ಜೀವ ಹಾಕಿ ಓಡಿದ್ದ. ಆ ಸಲ ಮೊದಲು ಬಂದವನನ್ನಷ್ಟೇ ಮುಂದಕ್ಕೆ ಕಳಿಸಿದರು. ನಮ್ಮವನು ಹೋದ. ಅಲ್ಲಿ ಒಬ್ಬ ಡಾಕ್ಟರ್ ಅವನ ಹಲ್ಲು ನೋಡಿದರು, ಕೈ ನೋಡಿದರು, ವಾಪಸ್ ಕಳಿಸಿದರು. ಬಸ್ಸಿನಲ್ಲಿ ಊರು ಬರುವವರೆಗೆ ಅವನು ಮುಖ ಎತ್ತಲಿಲ್ಲ. "ಸರ್ರ, ನಾ ಏನ್ ತಪ್ಪ ಮಾಡೇನ್ರಿ?" ಅಂತ ಒಂದೇ ಸಲ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ತಪ್ಪು ಅವನದಾಗಿರಲಿಲ್ಲ. ದಸರಾ ರಜೆ ಆದ ಮೇಲೆ ಅವನು ಶಾಲೆಗೆ ಬರಲಿಲ್ಲ. ಮತ್ತೆ ಕಬ್ಬಿಗೆ ಹೋದ.

ಹತ್ತು ಹದಿನೈದು ವರ್ಷ ಕಳೆದಿರಬೇಕು. ಮುಧೋಳದಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಟಿಕೆಟ್ ಕೊಡಲು ಬಂದ ಕಂಡಕ್ಟರ್ ನನ್ನನ್ನೇ ನೋಡಿದ. "ನೀವು ಆ ಸಾಲಿ ಪೀಟಿ ಮಾಸ್ತರ ಅಲ್ರೀ?" ಅಂದ. ಹೌದಪ್ಪ ಅಂದೆ. "ನಿಮ್ಮ ಹುಡುಗ ಫಸ್ಟ್ ಬಂದಾಗ ಎರಡನೇ ನಂಬರ್ ಬಂದಾಂವ ನಾನ ರೀ" ಅಂದ. ನಗುತ್ತಲೇ ಅಂದ. ಸಿಟ್ಟು ಇರಲಿಲ್ಲ. ಆಮೇಲೆ ಓಡಲಿಲ್ಲವೇನಪ್ಪ ಅಂತ ಕೇಳಿದೆ. ಇಲ್ಲ, ಮನೆಯಲ್ಲಿ ಸಾಕು ಅಂದರು ಅಂದ. ಚಿಲ್ಲರೆ ಎಣಿಸಿ ಕೊಟ್ಟು ಮುಂದಿನ ಸೀಟಿಗೆ ಹೋದ. ನನ್ನ ಒಂದು ಸಹಿ ಇಬ್ಬರು ಹುಡುಗರ ಓಟ ನಿಲ್ಲಿಸಿತ್ತು. ಒಬ್ಬನಿಗೆ ನಾನು ಒಳ್ಳೆಯದು ಮಾಡಿದೆ ಅಂತ ಅಂದುಕೊಂಡಿದ್ದೆ. ಇನ್ನೊಬ್ಬನ ನೆನಪೇ ನನಗಿರಲಿಲ್ಲ.

ಅದಕ್ಕೇ ಈ ಕೂಟದ ಬಗ್ಗೆ ನನಗೆ ಇಷ್ಟು ಕಾಳಜಿ. ವಯಸ್ಸಿನ ಗೆರೆ ಎಳೆದಿರುವುದು ದೊಡ್ಡವನನ್ನು ಹೊರಗಿಡಲಿಕ್ಕೆ ಅಂತ ನಾವು ತಿಳಿದಿದ್ದೇವೆ. ಅದನ್ನು ಎಳೆದಿರುವುದು ಆ ಎರಡನೇ ನಂಬರಿನ ಹುಡುಗನಿಗಾಗಿ.

ಸರಿ, ಮುಂದಿನ ಕೂಟದ ಮಾತಿಗೆ ಬರೋಣ. ಪಶ್ಚಿಮ ಆಫ್ರಿಕಾದ ಸೆನೆಗಲ್ ದೇಶದ ದಾಕಾರ್‌ನಲ್ಲಿ ನಿಗದಿಯಾಗಿದೆ, 2026ರ ಅಕ್ಟೋಬರ್ 31ರಿಂದ ನವೆಂಬರ್ 13ರವರೆಗೆ. ಮೊದಲು 2022ಕ್ಕೆ ಇತ್ತು, ಮುಂದಕ್ಕೆ ಹೋಯಿತು. ಆಫ್ರಿಕಾದಲ್ಲಿ ಒಲಿಂಪಿಕ್ ಕೂಟ ಅಂತ ಒಂದು ನಡೆಯುವುದು ಇದೇ ಮೊದಲು. ಸುಮಾರು 2,700 ಮಕ್ಕಳು, ಹುಡುಗರೆಷ್ಟೋ ಹುಡುಗಿಯರೂ ಅಷ್ಟೇ. 17 ವರ್ಷದವರೆಗಿನವರಿಗೆ.

ಇಲ್ಲಿ ಕೂತ ಪೈಲ್ವಾನರು, ವಸ್ತಾದರು ಸ್ವಲ್ಪ ಕಿವಿಗೊಡಿ. ದಾಕಾರ್‌ನಲ್ಲಿ ಕುಸ್ತಿ ಇದೆ. ಆದರೆ ಮ್ಯಾಟ್ ಮೇಲಲ್ಲ, ಉಸುಕಿನ ಮೇಲೆ. ಬೀಚ್ ಕುಸ್ತಿ ಅನ್ನುತ್ತಾರೆ. ಸೆನೆಗಲ್‌ನವರಿಗೆ ಅವರದೇ ಹಳೆಯ ಕುಸ್ತಿ ಇದೆ, ಲಾಂಬ್ ಅಂತ. ಡೋಲು, ಮಂತ್ರ, ತಾಯಿತ, ಊರಿಗೆ ಊರೇ ಸೇರಿದ ಜನ. ನಮ್ಮ ಜಾತ್ರೆಯ ಕುಸ್ತಿಯ ಹಾಗೇ. ನಮ್ಮಲ್ಲಿ ಹಲಗಿ ಬಡಿಯುತ್ತಾರೆ, ಅಲ್ಲಿ ಡೋಲು. ನಮ್ಮ ಕಣದಲ್ಲಿ ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆಹಣ್ಣು ಹಾಕಿ ಹದ ಮಾಡಿದ ಕೆಂಪು ಮಣ್ಣು, ಅಲ್ಲಿ ಉಸುಕು.

ಬೀಚ್ ಕುಸ್ತಿಯ ನಿಯಮ ಸರಳ. ಉಸುಕಿನಲ್ಲಿ ಒಂದು ದುಂಡನೆ ಕಣ. ಮೂರು ನಿಮಿಷದ ಒಂದೇ ಸುತ್ತು. ನಿಂತೇ ಆಡಬೇಕು, ನೆಲಕ್ಕೆ ಬಿದ್ದ ಮೇಲೆ ಎಳೆದಾಡುವುದಿಲ್ಲ. ಎದುರಾಳಿಯನ್ನು ಕಣದಿಂದ ಹೊರಗೆ ತಳ್ಳಿದರೆ ಒಂದು ಅಂಕ. ಬೆನ್ನು ನೆಲಕ್ಕೆ ಹಚ್ಚಿದರೆ ಮೂರು. ಯಾರು ಮೊದಲು ಮೂರು ಅಂಕ ಮಾಡುತ್ತಾರೋ ಅವರದೇ ಗೆಲುವು. ಅಂದರೆ ಚಿತ್ ಮಾಡಿದರೆ ಅಲ್ಲಿಗೇ ಮುಗಿಯಿತು. ನಮ್ಮ ಮಣ್ಣಿನ ಹುಡುಗರಿಗೆ ಇದನ್ನು ಹೇಳಿಕೊಡುವುದು ಎಷ್ಟು ಹೊತ್ತಿನ ಕೆಲಸ! "ಮಣ್ಣಿನ ಕುಸ್ತಿ ಮುಗೀತು, ಇನ್ನೇನಿದ್ದರೂ ಮ್ಯಾಟ್" ಅಂತ ಎಷ್ಟು ಗರಡಿ ಮನೆಗಳ ಬಾಗಿಲು ಮುಚ್ಚಿದವು. ಬರಿಗಾಲಿನಿಂದ ನೆಲ ಹಿಡಿದು ನಿಲ್ಲುವುದನ್ನು ಗರಡಿಯಲ್ಲಿ ಕಲಿತವನಿಗೆ ಉಸುಕು ಪೂರ್ತಿ ಹೊಸದಲ್ಲ. 2025ರ ಅಕ್ಟೋಬರ್‌ನಲ್ಲಿ ಬಹ್ರೇನ್‌ನಲ್ಲಿ ಏಷ್ಯನ್ ಯೂತ್ ಗೇಮ್ಸ್ ನಡೆಯಿತು. ಅಲ್ಲಿಯೂ ಬೀಚ್ ಕುಸ್ತಿ ಇತ್ತು, ನಮ್ಮ ದೇಶದ ಮಕ್ಕಳಿಗೆ ಚಿನ್ನ ಬಂತು. ಕಬಡ್ಡಿಯಲ್ಲಿ ಹುಡುಗರೂ ಗೆದ್ದರು, ಹುಡುಗಿಯರೂ ಗೆದ್ದರು.

ಹಾಗೆಯೇ ಕೋಚ್‌ಗಳು ಒಂದು ವಿಷಯ ಗಮನಿಸಬೇಕು. ಬ್ಯೂನಸ್ ಐರಿಸ್‌ನಲ್ಲಿ ನಮಗೆ ಚಿನ್ನ ಬಂದ ಶೂಟಿಂಗ್, ವೇಟ್‌ಲಿಫ್ಟಿಂಗ್ ಎರಡೂ ದಾಕಾರ್‌ನ ಪದಕದ ಆಟಗಳಲ್ಲಿಲ್ಲ. ಕೂಟದಿಂದ ಕೂಟಕ್ಕೆ ಆಟ ಬದಲಾಗುತ್ತದೆ. ಹೊಸ ಆಟ ಮೊದಲು ಇಲ್ಲಿ ಆಡಿಸಿ ನೋಡುತ್ತಾರೆ. ಮೂವರ ಬ್ಯಾಸ್ಕೆಟ್‌ಬಾಲ್ ಸಿಂಗಪುರದಲ್ಲಿ ಶುರುವಾಗಿ ಟೋಕಿಯೊ ಒಲಿಂಪಿಕ್ಸ್‌ಗೆ ಹೋಯಿತು. ಆದ್ದರಿಂದ ಹತ್ತು ವರ್ಷದ ಮಗುವನ್ನು ಒಂದೇ ಆಟಕ್ಕೆ ಕಟ್ಟಿ ಹಾಕಬೇಡಿ. ಓಡಲಿ, ಈಜಲಿ, ಕುಸ್ತಿ ಹಿಡಿಯಲಿ. ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದವರಿದ್ದೀರಿ. ಸೈಕಲ್ ಅಂದರೆ ನಿಮ್ಮದೇ. ಎದುರು ಗಾಳಿಯಲ್ಲಿ, ನೆರಳಿಲ್ಲದ ನೆಟ್ಟನೆ ರಸ್ತೆಯಲ್ಲಿ ತುಳಿದು ಬೆಳೆದ ಮಕ್ಕಳು ನಿಮ್ಮವರು. ರಸ್ತೆ ಸೈಕ್ಲಿಂಗ್ ದಾಕಾರ್‌ನಲ್ಲಿದೆ.

ಪಾಲಕರಿಗೆ ಒಂದು ಮಾತು. ಹದಿನಾರಕ್ಕೆ ಗೆಲ್ಲದಿದ್ದರೆ ಎಲ್ಲ ಮುಗಿಯಿತು ಅಂತ ಹೆದರಿಯೇ ಅಲ್ವಾ ನಾವು ವಯಸ್ಸು ಕದಿಯುವುದು? ಪ್ರಣಯ್ ಎಚ್.ಎಸ್. ನೋಡಿ. 2010ರಲ್ಲಿ ಸಿಂಗಪುರದಲ್ಲಿ ಬ್ಯಾಡ್ಮಿಂಟನ್ ಬೆಳ್ಳಿ ಗೆದ್ದವರು. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅವರಿಗೆ ಮೊದಲ ಪದಕ ಸಿಕ್ಕಿದ್ದು 2023ರಲ್ಲಿ. ಹದಿಮೂರು ವರ್ಷ. ನಡುವೆ ಗಾಯ, ಕಾಯಿಲೆ, ಸೋಲು. ಮನು ಭಾಕರ್ ಹದಿನಾರಕ್ಕೆ ಚಿನ್ನ ಗೆದ್ದರು. ಟೋಕಿಯೊದಲ್ಲಿ ಪಿಸ್ತೂಲು ಕೈಕೊಟ್ಟಿತು, ಬರಿಗೈಯಲ್ಲಿ ಬಂದರು. ಆಟ ಬಿಡುವ ಯೋಚನೆಯವರೆಗೂ ಹೋಗಿದ್ದರು. 2024ರ ಪ್ಯಾರಿಸ್‌ನಲ್ಲಿ ಎರಡು ಕಂಚು. ಅದೇ 2018ರಲ್ಲಿ ಚಿನ್ನ ಗೆದ್ದ ಸೌರಭ್ ಚೌಧರಿಗೆ ಪ್ಯಾರಿಸ್ ತಂಡದಲ್ಲಿ ಜಾಗ ಸಿಗಲಿಲ್ಲ. ಜೆರೆಮಿ 2022ರಲ್ಲಿ ಕಾಮನ್‌ವೆಲ್ತ್ ಚಿನ್ನ ಗೆದ್ದರು, ಆಮೇಲೆ ಗಾಯದಿಂದ ಬಹಳ ಕಷ್ಟಪಟ್ಟರು. ಒಂದೇ ವಾರ, ಒಂದೇ ಊರಲ್ಲಿ ಗೆದ್ದ ಮೂವರ ದಾರಿ ಹೀಗೆ ಬೇರೆ ಬೇರೆ ಆಯಿತು. ಅದನ್ನು ಹದಿನಾರರಲ್ಲಿ ಯಾರೂ ಹೇಳಲಿಕ್ಕೆ ಆಗುತ್ತಿರಲಿಲ್ಲ.

ಈಗ ಕಾಲ ಸ್ವಲ್ಪ ಸುಧಾರಿಸಿದೆ. ಹೆರಿಗೆ ಆಸ್ಪತ್ರೆಯಲ್ಲಿ ಆಗುತ್ತದೆ, ತಾರೀಕು ಅಲ್ಲೇ ದಾಖಲಾಗುತ್ತದೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಗೂ ಬೇರೆ ಕೆಲಸಗಳಿಗೂ ಜನನ ಪ್ರಮಾಣಪತ್ರವೇ ಆಧಾರ ಅಂತ ಕಾನೂನು ಬಂದಿದೆ. ಆ ಮಕ್ಕಳು ಮೈದಾನಕ್ಕೆ ಬರುವಷ್ಟರಲ್ಲಿ ಜೂನ್ 1ರ ಕಾಟ ಕಡಿಮೆಯಾಗಿರುತ್ತದೆ. ಆದರೆ ಇವತ್ತು ಹದಿಮೂರು, ಹದಿನಾಲ್ಕರಲ್ಲಿ ಇರುವವರ ಕಾಗದ ನಮ್ಮ ಕೈಯಲ್ಲೇ ಇದೆ.

ಮಾತು ಮುಗಿದು ಜನ ಚಹಾ ಕುಡಿಯಲು ಎದ್ದಾಗ ಒಬ್ಬ ತಾಯಿ ನನ್ನ ಹತ್ತಿರ ಬಂದರು. ಜೊತೆಯಲ್ಲಿ ಮಗಳು, ಓಟಗಾರ್ತಿ. ಕಾಲಲ್ಲಿ ಹೊಸ ಬೂಟು. ತಾಯಿ ಸಣ್ಣ ದನಿಯಲ್ಲಿ ಹೇಳಿದರು. "ಸರ್ರ, ಇಕಿ ದೀಪಾವಳಿ ಪಾಡ್ಯೆದ ದಿನ ಹುಟ್ಟ್ಯಾಳ್ರಿ. ಸಾಲ್ಯಾಗ ಮುಂದಿನ ವರ್ಷದ ಜೂನ್ ಒಂದು ಅಂತ ಬರದಾರ್ರಿ. ಖರೇದ್ದ ಬರಿಸಿದ್ರ ಏನಾಕ್ಕೈತ್ರಿ?"

ಲೆಕ್ಕ ಹಾಕಿ ನೋಡಿದೆ. ವರ್ಷವೇ ಬದಲಾಗುತ್ತದೆ. ಈ ಸಲ 14 ವರ್ಷದೊಳಗಿನವರ ಗುಂಪಿಗೆ ಬರುವುದಿಲ್ಲ. 17ರೊಳಗಿನ ದೊಡ್ಡ ಹುಡುಗಿಯರ ಜೊತೆ ಓಡಬೇಕು. ಹಾಗೆಂದು ಹೇಳಿದೆ.

"ಹಂಗಾದ್ರ ಈ ವರ್ಷ ಇಕಿ ಗೆಲ್ಲೂದಿಲ್ರಿ" ಅಂದರು.

"ಹೌದ್ರಿ ಅಕ್ಕಾರ, ಈ ವರ್ಷ ಗೆಲ್ಲೂದಿಲ್ಲ" ಅಂದೆ.

ಅವರು ಸ್ವಲ್ಪ ಹೊತ್ತು ಸುಮ್ನೆ ನಿಂತರು. ಮಗಳ ಮುಖ ನೋಡಿದರು. ಆಮೇಲೆ, ತಿದ್ದಿಸಲಿಕ್ಕೆ ಯಾವ ಆಫೀಸಿಗೆ ಹೋಗಬೇಕು, ಏನೇನು ಕಾಗದ ತರಬೇಕು ಅಂತ ಕೇಳಿದರು.